ಸ್ಕೈರಿಮ್, ವಿಚರ್ 3, ಎಲ್ಡೆನ್ ರಿಂಗ್: ಮೊದಲು ಯಾವುದಕ್ಕೆ ಕೈ ಹಾಕಬೇಕು?

ದೊಡ್ಡದೊಂದು ಓಪನ್ ವರ್ಲ್ಡ್ ಫ್ಯಾಂಟಸಿ ಆರ್‌ಪಿಜಿ, ಅಂದರೆ ಒಂದು ಪಾತ್ರವನ್ನು ಬೆಳೆಸುತ್ತಾ ಕಲ್ಪನೆಯ ಲೋಕದಲ್ಲಿ ಬೇಕಾದ ಕಡೆ ಅಲೆಯುವ ವಿಡಿಯೋ ಗೇಮ್, ಆಡಬೇಕು ಅಂತ ಕೇಳಿದರೆ ಎಲ್ಲರೂ ಹೇಳುವುದು ಈ ಮೂರು ಹೆಸರು. ಮೂರೂ ಅದ್ಭುತ ಆಟಗಳು, ಅದರಲ್ಲಿ ನನಗೂ ಅನುಮಾನವಿಲ್ಲ. ಆದರೆ "ಮೂರೂ ಚೆನ್ನಾಗಿವೆ, ಯಾವುದಾದರೂ ಆಡಿ" ಅನ್ನುವ ಸಲಹೆಯಿಂದ ಯಾರಿಗೂ ಉಪಯೋಗವಿಲ್ಲ. ಇವು ಒಂದು ವಾರಾಂತ್ಯದಲ್ಲಿ ಮುಗಿಯುವ ಆಟಗಳಲ್ಲ. ಒಂದೊಂದೂ ನಿಮ್ಮ ತಿಂಗಳುಗಟ್ಟಲೆ ಸಂಜೆಗಳನ್ನು ಕೇಳುತ್ತದೆ. ನಿಮ್ಮ ಸ್ವಭಾವಕ್ಕೆ ಹೊಂದದ್ದನ್ನು ಹಿಡಿದರೆ ಹತ್ತು ಗಂಟೆಯೊಳಗೆ ಸಾಕಾಗಿ, ಈ ಥರದ ಆಟಗಳೇ ನನಗಲ್ಲ ಅಂತ ಬಿಟ್ಟುಬಿಡುತ್ತೀರಿ. ಹಾಗೆ ಬಿಟ್ಟವರು ತುಂಬಾ ಜನ ಇದ್ದಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮ್ಯಾಪ್ ಎಷ್ಟು ದೊಡ್ಡದು, ಗ್ರಾಫಿಕ್ಸ್ ಹೇಗಿದೆ, ಎಷ್ಟು ಪ್ರಶಸ್ತಿ ಬಂದಿದೆ, ಇದನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಡಿ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಒಂದೇ. ಕ್ವೆಸ್ಟ್, ಅಂದರೆ ಆಟ ವಹಿಸಿದ ಕೆಲಸ, ಬಿಟ್ಟು, ರಸ್ತೆ ಬಿಟ್ಟು, ಸುಮ್ನೆ ಪಕ್ಕದ ಗುಡ್ಡ ಹತ್ತಿದರೆ ಆಟ ನಿಮಗೆ ಏನು ಕೊಡುತ್ತದೆ? ಓಪನ್ ವರ್ಲ್ಡ್ ಅಂದಮೇಲೆ ನೀವು ದಾರಿ ಬಿಟ್ಟೇ ಬಿಡುತ್ತೀರಿ. ಆಗ ಸಿಗುವುದು ನಿಮಗೆ ಇಷ್ಟವಾಗುವಂಥದ್ದೇ ಆಗಿದ್ದರೆ ಉಳಿದ ಕೊರತೆಗಳನ್ನು ಸಹಿಸಿಕೊಳ್ಳಬಹುದು. ಈ ಪ್ರಶ್ನೆಗೆ ಮೂರು ಆಟಗಳೂ ಮೂರು ಬೇರೆ ಉತ್ತರ ಕೊಡುತ್ತವೆ.

ಸ್ಕೈರಿಮ್‌ನಿಂದ ಶುರು ಮಾಡೋಣ. ಬೆಥೆಸ್ಡಾ ಕಂಪನಿ ಇದನ್ನು ಬಿಡುಗಡೆ ಮಾಡಿದ್ದು 2011ರ ನವೆಂಬರ್ 11ರಂದು. ಇಷ್ಟು ವರ್ಷವಾದರೂ ಜನ ಇನ್ನೂ ಆಡುತ್ತಿದ್ದಾರೆ, ಅದಕ್ಕೆ ಕಾರಣ ಕಥೆ ಅಲ್ಲ. ಹೆಲ್ಗೆನ್‌ನಲ್ಲಿ ನಿಮ್ಮ ತಲೆ ಕಡಿಯಲು ಹೊರಟಾಗ ಡ್ರಾಗನ್ ಬರುತ್ತದೆ, ನೀವು ತಪ್ಪಿಸಿಕೊಳ್ಳುತ್ತೀರಿ, ರಿವರ್‌ವುಡ್ ಅನ್ನುವ ಸಣ್ಣ ಊರು ಸೇರುತ್ತೀರಿ. ಅಲ್ಲಿಂದ ಮುಂದೆ ನಿಮ್ಮನ್ನು ಯಾರೂ ಹಿಡಿಯುವುದಿಲ್ಲ. ವೈಟ್‌ರನ್‌ಗೆ ಹೋಗಿ ಸುದ್ದಿ ಮುಟ್ಟಿಸಿ ಅಂತ ಹೇಳುತ್ತಾರೆ. ಹೋಗದಿದ್ದರೂ ನಡೆಯುತ್ತದೆ. ಇಲ್ಲಿ ಹೊಸಬರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ: ವೈಟ್‌ರನ್ ಹತ್ತಿರದ ಕಾವಲು ಗೋಪುರದಲ್ಲಿ ಡ್ರಾಗನ್ ಜೊತೆ ಹೋರಾಡುವ ಕ್ವೆಸ್ಟ್ ಮಾಡುವವರೆಗೂ ಬಯಲಿನಲ್ಲಿ ಡ್ರಾಗನ್‌ಗಳು ಹಾರಿ ಬರುವುದೇ ಇಲ್ಲ. ಅಂದರೆ ಮುಖ್ಯ ಕಥೆ ಮುಟ್ಟದೆ ಬೇಟೆಗಾರನಾಗಿಯೋ ಕಳ್ಳನಾಗಿಯೋ ಮದ್ದು ಅರೆಯುವವನಾಗಿಯೋ ಎಷ್ಟು ದಿನ ಬೇಕಾದರೂ ನೆಮ್ಮದಿಯಿಂದ ಬದುಕಬಹುದು.

ಲೆವೆಲ್ ಏರುವ, ಅಂದರೆ ಪಾತ್ರ ಬಲವಾಗುವ ಬಗೆಯೂ ಅದಕ್ಕೆ ತಕ್ಕ ಹಾಗಿದೆ. ಒಟ್ಟು 18 ಸ್ಕಿಲ್. ಯಾವುದನ್ನು ಬಳಸುತ್ತೀರೋ ಅದು ಬೆಳೆಯುತ್ತದೆ. ಬಿಲ್ಲು ಹಿಡಿದರೆ ಬಿಲ್ವಿದ್ಯೆ, ಬೀಗ ತೆಗೆದರೆ ಬೀಗದ ಕೈಚಳಕ, ಕಮ್ಮಾರಿಕೆ ಮಾಡಿದರೆ ಕಮ್ಮಾರಿಕೆ. ಪಾತ್ರವನ್ನು ಹೇಗೆ ಬೆಳೆಸಬೇಕು ಅಂತ ಮೊದಲೇ ಕೂತು ಬಿಲ್ಡ್ ಲೆಕ್ಕ ಹಾಕುವ ಕೆಲಸವಿಲ್ಲ. ಆಡುತ್ತಾ ಆಡುತ್ತಾ ನಿಮ್ಮ ಪಾತ್ರ ನಿಮ್ಮ ಚಾಳಿಯ ಹಾಗೇ ರೂಪುಗೊಳ್ಳುತ್ತದೆ. ಅದಕ್ಕೇ ನೋಡಿ, ಮಂತ್ರವಾದಿ ಆಗುತ್ತೇನೆ ಅಂತ ಹೊರಟ ಎಷ್ಟೋ ಜನ ಕೊನೆಗೆ ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಬಾಣ ಬಿಡುವವರಾಗಿಬಿಡುತ್ತಾರೆ. ಗುಡ್ಡ ಹತ್ತಿದರೆ ಇಲ್ಲಿ ಸಿಗುವುದು ಒಂದು ಗುಹೆ, ಒಂದು ಹಳೆಯ ಸಮಾಧಿ, ಯಾರೋ ಬರೆದಿಟ್ಟ ಡೈರಿ, ಪಕ್ಕದಲ್ಲಿ ಒಂದು ಅಸ್ಥಿಪಂಜರ. ಏನಾಗಿರಬಹುದು ಅಂತ ನೀವೇ ಊಹಿಸಬೇಕು. ಈ ಊಹೆಯಲ್ಲಿ ಖುಷಿ ಸಿಗುವವರಿಗೆ ಸ್ಕೈರಿಮ್‌ನಷ್ಟು ಕೊಡುವ ಆಟ ಇನ್ನೊಂದಿಲ್ಲ.

ಕೊರತೆ ಇಲ್ಲ ಅಂತಲ್ಲ, ಸಾಕಷ್ಟಿದೆ. ಕತ್ತಿ ಬೀಸಿದರೆ ಗಾಳಿಗೆ ಬೀಸಿದ ಹಾಗಿರುತ್ತದೆ, ಹೊಡೆತಕ್ಕೆ ತೂಕವೇ ಇಲ್ಲ. ಬೇರೆ ಬೇರೆ ಪಾತ್ರಗಳ ಬಾಯಲ್ಲಿ ಅದೇ ನಾಲ್ಕೈದು ದನಿಗಳು. ನಿಮ್ಮ ಆಯ್ಕೆಗಳಿಗೆ ಲೋಕ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದೂ ಇಲ್ಲ. ಹೆಚ್ಚುಕಡಿಮೆ ಮಂತ್ರವೇ ಬಾರದಿದ್ದರೂ ವಿಂಟರ್‌ಹೋಲ್ಡ್‌ನ ಮಂತ್ರ ವಿದ್ಯಾಲಯಕ್ಕೆ ನೀವೇ ಮುಖ್ಯಸ್ಥರಾಗಬಹುದು! ಒಬ್ಬ ಒಳ್ಳೆಯ ಬರಹಗಾರ ಹೇಳುವ ಕಥೆಗಾಗಿ ನೀವು ಬಂದಿದ್ದರೆ ಇದು ನಿಮ್ಮ ಆಟ ಅಲ್ಲ.

ಅಂಥವರಿಗೆ ಇರುವುದು ವಿಚರ್ 3. ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ರೆಡ್ ಮಾಡಿದ್ದು, 2015ರ ಮೇ 19ರಂದು ಬಂತು. ಇಲ್ಲಿ ನೀವು ನೀವಲ್ಲ, ಗೆರಾಲ್ಟ್. ದುಡ್ಡಿಗೆ ರಾಕ್ಷಸರನ್ನು ಕೊಲ್ಲುವ ವೃತ್ತಿಯವನು. ಅವನಿಗೆ ಮೊದಲೇ ಒಂದು ವಯಸ್ಸಿದೆ, ಹಳೆಯ ಪ್ರೀತಿ ಇದೆ, ಮಗಳ ಹಾಗೆ ಸಾಕಿದ ಸಿರಿ ಇದ್ದಾಳೆ. ಮುಖ ಬದಲಿಸಲು, ಕುಲ ಬದಲಿಸಲು ಆಗುವುದಿಲ್ಲ. ಅವನು ಏನು ಹೇಳುತ್ತಾನೆ, ಯಾರನ್ನು ಬಿಡುತ್ತಾನೆ, ಯಾರನ್ನು ಉಳಿಸುತ್ತಾನೆ ಅನ್ನುವುದಷ್ಟೇ ನಿಮ್ಮ ಕೈಯಲ್ಲಿರುವುದು. ಪಾತ್ರ ಕಟ್ಟುವುದೇ ಆರ್‌ಪಿಜಿಯ ಜೀವ ಅಂದುಕೊಂಡವರಿಗೆ ಇದು ಕಟ್ಟಿಹಾಕಿದ ಹಾಗೆ ಅನಿಸಬಹುದು.

ಆದರೆ ದಾರಿ ಬಿಟ್ಟು ಹೋದಾಗ ಇಲ್ಲಿ ಸಿಗುವುದನ್ನು ನೋಡಿ. ಶುರುವಿನ ವೈಟ್ ಆರ್ಚರ್ಡ್‌ನಲ್ಲೇ ಊರಿನ ಫಲಕದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಬಾವಿ ಹತ್ತಿರ ದೆವ್ವ ಇದೆ, ಓಡಿಸಿಕೊಡಿ. ಚೀಟಿ ಬರೆಸಿದವನ ಮಗಳಿಗೆ ಕಾಯಿಲೆ, ಒಳ್ಳೆಯ ನೀರು ಬೇಕು. ನೀವು ಆ ಪಾಳುಬಿದ್ದ ಹಳ್ಳಿಗೆ ಹೋಗುತ್ತೀರಿ, ಸುಟ್ಟ ಮನೆಗಳಲ್ಲಿ ಹುಡುಕುತ್ತೀರಿ, ಡೈರಿ ಓದುತ್ತೀರಿ, ಬಾವಿಗೆ ಇಳಿಯುತ್ತೀರಿ. ಆ ಹೆಂಗಸು ದೆವ್ವವಾದದ್ದು ಯಾಕೆ, ಏನು ಅವಳನ್ನು ಅಲ್ಲಿಗೇ ಕಟ್ಟಿಹಾಕಿದೆ ಅಂತ ಗೊತ್ತಾದ ಮೇಲೆ ತಾನೇ ಹೋರಾಟ. ಹೋರಾಟದಲ್ಲೂ ಯರ್ಡೆನ್ ಅನ್ನುವ ಮಂತ್ರದ ವೃತ್ತ ಹಾಕಿದರೆ ಮಾತ್ರ ಅವಳಿಗೆ ಏಟು ಸರಿಯಾಗಿ ತಾಗುತ್ತದೆ. ಇದು ಮುಖ್ಯ ಕಥೆಗೆ ಸಂಬಂಧವೇ ಇಲ್ಲದ, ಮೊದಲ ಕೆಲವು ಗಂಟೆಯಲ್ಲೇ ಸಿಗುವ ಒಂದು ಪುಟ್ಟ ಕೆಲಸ. ಉಳಿದ ಆಟಗಳಲ್ಲಿ ಇಂಥದ್ದು "ದೆವ್ವ ಕೊಲ್ಲು, ದುಡ್ಡು ತಗೋ" ಅಂತ ಮುಗಿದುಹೋಗುತ್ತಿತ್ತು. ಮುಂದೆ ವೆಲೆನ್‌ನಲ್ಲಿ ಬರುವ ಬ್ಲಡಿ ಬ್ಯಾರನ್‌ನ ಕ್ವೆಸ್ಟ್ ಬಗ್ಗೆ ನಾನು ಏನೂ ಹೇಳುವುದಿಲ್ಲ, ನೀವೇ ನೋಡಬೇಕು. ಅಲ್ಲಿ ಮಾಡಿದ ಒಂದು ಆಯ್ಕೆಯ ಫಲ ಎಷ್ಟೋ ಹೊತ್ತಿನ ಮೇಲೆ ಎದುರಿಗೆ ಬಂದು ನಿಲ್ಲುತ್ತದೆ. ಆಗ ಹಳೆಯ ಸೇವ್‌ಗೆ ಹಿಂತಿರುಗಬೇಡಿ, ದಯವಿಟ್ಟು. ಆ ನೋವನ್ನು ಹೊತ್ತುಕೊಂಡು ಮುಂದೆ ಹೋದರೇ ಆಟ ನಿಮ್ಮದಾಗುವುದು.

ವಿಚರ್‌ನಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುವುದು ಮ್ಯಾಪ್ ತುಂಬಾ ಚೆಲ್ಲಿರುವ ಪ್ರಶ್ನಾರ್ಥಕ ಚಿಹ್ನೆಗಳ ಮೇಲೆ. ಸ್ಕೆಲ್ಲಿಗೆ ದ್ವೀಪಗಳ ಸುತ್ತ ಸಮುದ್ರದಲ್ಲಂತೂ ರಾಶಿ ರಾಶಿ. ಹೆಚ್ಚಿನವು ಕಳ್ಳಸಾಗಣೆಯವರು ಮುಳುಗಿಸಿಟ್ಟ ಪೆಟ್ಟಿಗೆಗಳು, ದೋಣಿಯಲ್ಲಿ ಹೋಗಿ ಮುಳುಗಿ ಎತ್ತಬೇಕು, ಒಳಗಿರುವುದು ಮಾರಿ ಕಾಸು ಮಾಡುವ ಸಾಮಾನು. ಎಲ್ಲವನ್ನೂ ತೀರಿಸಬೇಕು ಅಂತ ಹೊರಟವರಿಗೆ ಕಥೆಯ ಜಾಡೇ ತಪ್ಪುತ್ತದೆ. ಮ್ಯಾಪ್‌ನಲ್ಲಿ ಅವನ್ನು ಮರೆಮಾಡಿ. ಮೂಲೆಯ ಮಿನಿಮ್ಯಾಪ್‌ನಲ್ಲಿ ಬರುವ ಚುಕ್ಕೆ ದಾರಿಯನ್ನೂ ಆದಷ್ಟು ನೋಡಬೇಡಿ. ಅದನ್ನೇ ನೋಡುತ್ತಾ ಕುದುರೆ ಓಡಿಸಿದರೆ ಅಷ್ಟು ಚಂದದ ಲೋಕ ಪರದೆಯ ಮೂಲೆಯಲ್ಲೇ ಕಳೆದುಹೋಗುತ್ತದೆ. ಊರಿನ ಫಲಕಗಳನ್ನು ಓದಿ, ಹೆಸರಿರುವ ಕ್ವೆಸ್ಟ್‌ಗಳನ್ನು ಮಾಡಿ, ಅಷ್ಟು ಸಾಕು. ಗ್ವೆಂಟ್ ಅನ್ನುವ ಇಸ್ಪೀಟಿನಂಥ ಆಟ ಒಂದಿದೆ, ಇಷ್ಟವಾದರೆ ಆಡಿ, ಇಲ್ಲದಿದ್ದರೆ ಬಿಡಿ.

ಇನ್ನು ಎಲ್ಡೆನ್ ರಿಂಗ್. 2022ರ ಫೆಬ್ರವರಿ 25, ಜಪಾನಿನ ಫ್ರಮ್‌ಸಾಫ್ಟ್‌ವೇರ್, ನಿರ್ದೇಶಕ ಹಿಡೆಟಾಕ ಮಿಯಾಜಾಕಿ. ಈ ಆಟ ಕಷ್ಟ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ನಿಜ, ಕಷ್ಟವೇ. ಕಷ್ಟ ಕಮ್ಮಿ ಮಾಡುವ ಸೆಟ್ಟಿಂಗ್ ಕೂಡ ಇಲ್ಲ. ಸತ್ತರೆ ನೀವು ಕೂಡಿಟ್ಟ ರೂನ್‌ಗಳು, ಅಂದರೆ ಲೆವೆಲ್ ಏರಲೂ ಸಾಮಾನು ಕೊಳ್ಳಲೂ ಬೇಕಾದ ಗಳಿಕೆ, ಸತ್ತ ಜಾಗದಲ್ಲೇ ಬೀಳುತ್ತವೆ. ಅವನ್ನು ಎತ್ತಿಕೊಳ್ಳುವ ಮೊದಲೇ ಮತ್ತೆ ಸತ್ತರೆ ಹೋದವು. ಆದರೆ ಕಷ್ಟದ ಬಗ್ಗೆ ಮಾತಾಡುವವರು ಒಂದನ್ನು ಮರೆಯುತ್ತಾರೆ. ಇದು ಓಪನ್ ವರ್ಲ್ಡ್ ಆದದ್ದರಿಂದಲೇ ಅದೇ ಕಂಪನಿಯ ಹಳೆಯ ಆಟಗಳಿಗಿಂತ ಹೊಸಬರಿಗೆ ಸುಲಭ. ಆಟ ಶುರುವಾಗಿ ಬಾಗಿಲು ತೆಗೆದ ಕೂಡಲೇ ಚಿನ್ನದ ಕವಚದ ಕುದುರೆ ಸವಾರನೊಬ್ಬ ಕಾಣುತ್ತಾನೆ, ಹೆಸರು ಟ್ರೀ ಸೆಂಟಿನೆಲ್. ಹೋದವರನ್ನೆಲ್ಲ ಒಂದೆರಡು ಏಟಿಗೆ ಮಲಗಿಸುತ್ತಾನೆ. ಅವನನ್ನು ಅಲ್ಲಿ ನಿಲ್ಲಿಸಿರುವುದೇ ಒಂದು ಪಾಠ: ಸುತ್ತು ಹಾಕಿ ಹೋಗಿ, ಬಲ ಬಂದ ಮೇಲೆ ವಾಪಸ್ ಬನ್ನಿ. ಮಾರ್ಗಿಟ್ ಅನ್ನುವ ಮೊದಲ ದೊಡ್ಡ ಬಾಸ್, ಅಂದರೆ ದಾರಿಗೆ ಅಡ್ಡ ನಿಲ್ಲುವ ಬಲಿಷ್ಠ ಶತ್ರು, ಅವನ ಮುಂದೆ ಸೋತು ಸೋತು ಆಟ ಬಿಟ್ಟವರೆಲ್ಲ ಈ ಪಾಠವನ್ನು ಗಮನಿಸದವರು. ಅವನು ಕಾಯುವ ಸ್ಟಾರ್ಮ್‌ವೇಲ್ ಕೋಟೆಗೆ ಮೊದಲೇ ನುಗ್ಗುವ ಬದಲು ದಕ್ಷಿಣಕ್ಕೆ ವೀಪಿಂಗ್ ಪೆನಿನ್ಸುಲಾಕ್ಕೆ ಹೋಗಿ. ವಿಗರ್‌ಗೆ, ಅಂದರೆ ಜೀವಕ್ಕೆ, ಧಾರಾಳವಾಗಿ ಪಾಯಿಂಟ್ ಹಾಕಿ. ಆಯುಧವನ್ನು ಒಂದೆರಡು ಹಂತ ಹರಿತ ಮಾಡಿಕೊಂಡು ಬನ್ನಿ. ಅದೇ ಮಾರ್ಗಿಟ್ ಆಗ ಮನುಷ್ಯರು ಗೆಲ್ಲಬಹುದಾದ ಎದುರಾಳಿಯಾಗುತ್ತಾನೆ. ಬೂದಿಯಿಂದ ಆತ್ಮಗಳನ್ನು ಕರೆದು ಜೊತೆಗೆ ಹೋರಾಡಿಸುವ ವ್ಯವಸ್ಥೆ ಇದೆಯಲ್ಲ, ಅದನ್ನು ಬಳಸುವುದು ಮೋಸ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆಟ ಮಾಡಿದವರೇ ಕೊಟ್ಟದ್ದು ಅದು.

ಗುಡ್ಡ ಹತ್ತಿದರೆ ಇಲ್ಲಿ ಸಿಗುವುದು ಬೆರಗು ಅಥವಾ ಭಯ, ಎಷ್ಟೋ ಸಲ ಎರಡೂ ಒಟ್ಟಿಗೆ. ಆಟ ಶುರುವಾಗುವ ಲಿಮ್‌ಗ್ರೇವ್ ಸೀಮೆಯ ಕೆರೆಯ ಹತ್ತಿರ ಒಂದು ಪಾಳು ಕಟ್ಟಡ ಇದೆ. ಅಲ್ಲಿ ನೆಲಮಾಳಿಗೆಯಲ್ಲಿರುವ ಪೆಟ್ಟಿಗೆ ತೆರೆದರೆ ಹೊಗೆ ಬಂದು ನಿಮ್ಮನ್ನು ಎತ್ತಿಕೊಂಡು ಹೋಗಿ ಕೇಲಿಡ್ ಅನ್ನುವ ಭಯಂಕರ ಸೀಮೆಯ ಒಂದು ಗಣಿಯೊಳಗೆ ಎಸೆಯುತ್ತದೆ. ಅಲ್ಲಿಂದ ತಕ್ಷಣ ಫಾಸ್ಟ್ ಟ್ರಾವೆಲ್, ಅಂದರೆ ಮ್ಯಾಪ್‌ನಲ್ಲಿ ಒತ್ತಿ ಬೇರೆ ಕಡೆ ಹೋಗುವುದು, ಆಗುವುದಿಲ್ಲ, ಮೊದಲು ಜೀವ ಉಳಿಸಿಕೊಂಡು ಹೊರಗೆ ಬರಬೇಕು. ಇನ್ನೊಂದು ಕಡೆ ಪೂರ್ವದ ಕಾಡಿನ ನಡುವೆ ಕಲ್ಲಿನ ಕಟ್ಟಡ, ಒಳಗೆ ಒಂದು ಲಿಫ್ಟ್. ಹತ್ತಿ ನಿಂತರೆ ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ. ಕೆಳಗೆ ಏನಿದೆ ಅಂತ ದಯವಿಟ್ಟು ಮೊದಲೇ ವಿಡಿಯೋದಲ್ಲಿ ನೋಡಬೇಡಿ. ಆಟಗಳಲ್ಲಿ ಅಂಥ ಕ್ಷಣ ತುಂಬಾ ಅಪರೂಪ. ಮ್ಯಾಪ್ ನಿಮಗೆ ಮೊದಲೇ ಏನನ್ನೂ ಹೇಳದ ಕಾರಣಕ್ಕೇ ಅದು ಅಷ್ಟು ಗಟ್ಟಿಯಾಗಿ ತಟ್ಟುತ್ತದೆ.

ಇದಕ್ಕೆ ಬೆಲೆಯೂ ಇದೆ. ಕ್ವೆಸ್ಟ್‌ಗಳ ಪಟ್ಟಿಯೇ ಇಲ್ಲ. ಯಾರೋ ಒಬ್ಬಳು ದಾರಿಯಲ್ಲಿ ಸಿಕ್ಕಿ ಒಂದು ಮಾತು ಹೇಳಿ ಹೋಗುತ್ತಾಳೆ. ಮುಂದೆ ಎಲ್ಲಿ ಸಿಗುತ್ತಾಳೆ ಅನ್ನುವುದನ್ನು ನೀವೇ ನೆನಪಿಡಬೇಕು. ಕಥೆ ಇರುವುದು ವಸ್ತುಗಳ ವಿವರಣೆಯಲ್ಲಿ, ಚೂರು ಚೂರಾಗಿ. ಜೋಡಿಸುವ ತಾಳ್ಮೆ ಇಲ್ಲದವರಿಗೆ ಯಾರು ಯಾರನ್ನು ಯಾಕೆ ಕೊಲ್ಲುತ್ತಿದ್ದಾರೆ ಅನ್ನುವುದೇ ಕೊನೆವರೆಗೂ ತಿಳಿಯುವುದಿಲ್ಲ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆನ್‌ಲೈನ್‌ನಲ್ಲಿ ಬೇರೆಯವರು ನುಗ್ಗಿ ಹೊಡೆಯುತ್ತಾರಂತೆ ಅನ್ನುವ ಹೆದರಿಕೆ ಮಾತ್ರ ಬೇಡ. ನೀವಾಗಿ ಬಾಗಿಲು ತೆರೆಯದಿದ್ದರೆ, ಅಂದರೆ ಸಹಾಯಕ್ಕೆ ಬೇರೆ ಆಟಗಾರರನ್ನು ಕರೆಯುವಂಥದ್ದು ಮಾಡದಿದ್ದರೆ, ಒಬ್ಬರೇ ಆಡುವಾಗ ಬೇರೆ ಆಟಗಾರರು ಒಳಗೆ ಬರಲು ಆಗುವುದಿಲ್ಲ.

ಈಗ ಆಟದಿಂದ ನಿಮ್ಮ ಕಡೆಗೆ ಬರೋಣ. ಒಂದು ದಿನಕ್ಕೆ ಎಷ್ಟು ಹೊತ್ತು ಆಡಬಲ್ಲಿರಿ? ಅರ್ಧ ಗಂಟೆ ಅಂತಾದರೆ ಕಣ್ಣು ಮುಚ್ಚಿಕೊಂಡು ಸ್ಕೈರಿಮ್ ತಗೊಳ್ಳಿ. ಎಲ್ಲಿ ಬೇಕಾದರೂ, ಹೋರಾಟದ ನಡುವೆಯೂ ಸೇವ್ ಮಾಡಬಹುದು, ಅರ್ಧ ಗಂಟೆಯಲ್ಲಿ ಒಂದು ಗುಹೆ ಮುಗಿಯುತ್ತದೆ. ವಿಚರ್‌ನ ಒಂದು ಒಳ್ಳೆಯ ಕ್ವೆಸ್ಟ್‌ಗೆ ಗಂಟೆಯೋ ಗಂಟೆಗಿಂತ ಜಾಸ್ತಿಯೋ ಬೇಕು, ಮಧ್ಯದಲ್ಲಿ ಎದ್ದರೆ ಮಾತುಕತೆಯ ಬಿಸಿ ಆರಿಹೋಗುತ್ತದೆ. ಎಲ್ಡೆನ್ ರಿಂಗ್‌ನಲ್ಲಿ ಅರ್ಧ ಗಂಟೆ ಅಂದರೆ ಒಂದೇ ಬಾಸ್ ಕೈಯಲ್ಲಿ ಸತ್ತು ಸತ್ತು ಏನೂ ಸಿಗದೆ ಎದ್ದು ಹೋಗುವ ದಿನಗಳೂ ಇರುತ್ತವೆ. ಆಟವನ್ನು ಅಲ್ಲಿಗೇ ತಡೆದು ನಿಲ್ಲಿಸುವ ಮಾಮೂಲಿ ಪಾಝ್ ಬಟನ್ ಕೂಡ ಇಲ್ಲ. ಮಗು ಅತ್ತಿತು, ಬಾಗಿಲು ಬಡಿದರು ಅಂತ ಎದ್ದು ಹೋಗುವ ಮನೆಯಾದರೆ ಇದು ನಿಜವಾದ ತೊಂದರೆ.

ಮಧ್ಯೆ ಒಂದು ತಿಂಗಳು ಬಿಡುವಾದರೆ? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೆಲಸಕ್ಕೆ ಹೋಗುವವರಿಗೆ ಇದೇ ದೊಡ್ಡ ವಿಷಯ ಅಲ್ವಾ. ಸ್ಕೈರಿಮ್‌ಗೆ ಯಾವಾಗ ವಾಪಸ್ ಬಂದರೂ ಆಗುತ್ತದೆ. ವಿಚರ್‌ನಲ್ಲಿ ಕಥೆಯ ಎಳೆ ಮರೆತಿದ್ದರೂ ಜರ್ನಲ್ ಓದಿದರೆ ನೆನಪಾಗುತ್ತದೆ, ತುಂಬಾ ಚೆನ್ನಾಗಿ ಬರೆದಿದ್ದಾರೆ ಕೂಡ. ಎಲ್ಡೆನ್ ರಿಂಗ್‌ನಲ್ಲಿ ಮಾತ್ರ ಕೈ ಮರೆತಿರುತ್ತದೆ. ಯಾವಾಗ ಉರುಳಬೇಕು, ಯಾವಾಗ ಹೊಡೆಯಬೇಕು ಅನ್ನುವ ಲಯ ಬೆರಳಿಗೆ ಮತ್ತೆ ಬರುವವರೆಗೆ ಹಳೆಯ ಜಾಗದಲ್ಲೇ ಒದ್ದಾಡಬೇಕು. ಅದಕ್ಕೆ ಸತತವಾಗಿ ಆಡಲು ಬಿಡುವು ಇರುವಾಗಲೇ ಕೈ ಹಾಕಿ.

ಮಷೀನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ಕಂಪ್ಯೂಟರ್ ಆದರೆ ಸ್ಕೈರಿಮ್. ವಿಚರ್‌ಗೆ 2022ರ ಡಿಸೆಂಬರ್‌ನಲ್ಲಿ ದೊಡ್ಡ ಅಪ್‌ಡೇಟ್ ಬಂದ ಮೇಲೆ ಸ್ವಲ್ಪ ಭಾರವಾಯಿತು, ಡೈರೆಕ್ಟ್‌ಎಕ್ಸ್ 11 ಅನ್ನುವ ಹಳೆಯ ಗ್ರಾಫಿಕ್ಸ್ ವಿಧಾನದಲ್ಲಿ ಓಡಿಸಿದರೆ ಹಗುರ. ಎಲ್ಡೆನ್ ರಿಂಗ್ ಪಿಸಿಯಲ್ಲಿ ಸೆಕೆಂಡಿಗೆ 60 ಫ್ರೇಮ್‌ಗಿಂತ ಮೇಲೆ ಹೋಗುವುದಿಲ್ಲ. ಹಳೆಯ ನಿಂಟೆಂಡೊ ಸ್ವಿಚ್ ಮಾತ್ರ ಇರುವವರಿಗೆ ಮೊದಲ ಎರಡೂ ಸಿಗುತ್ತವೆ. ಇನ್ನೊಂದು ಮಾತು, ವಿಚರ್ ದೊಡ್ಡವರ ಆಟ. ಹಿಂಸೆ, ಹಾಸಿಗೆಯ ದೃಶ್ಯ, ಮನೆಯೊಳಗಿನ ಕ್ರೌರ್ಯ ಎಲ್ಲ ಇದೆ, ಮಕ್ಕಳು ಪಕ್ಕದಲ್ಲಿ ಕೂತಿರುವಾಗ ಆಡುವಂಥದ್ದಲ್ಲ.

ಕೊಳ್ಳುವಾಗ ಯಾವ ಆವೃತ್ತಿ? ವಿಚರ್‌ಗೆ ಹಾರ್ಟ್ಸ್ ಆಫ್ ಸ್ಟೋನ್ ಮತ್ತು ಬ್ಲಡ್ ಆ್ಯಂಡ್ ವೈನ್ ಅನ್ನುವ ವಿಸ್ತರಣೆಗಳು ಎರಡೂ ಇರುವ ಕಂಪ್ಲೀಟ್ ಎಡಿಷನ್ ಬಿಟ್ಟು ಬೇರೆ ಬೇಡ. ಎರಡನೆಯದರ ಟುಸೆಂಟ್ ಸೀಮೆ ಎಷ್ಟು ಸುಂದರವಾಗಿದೆ ಅಂದರೆ ಗೆರಾಲ್ಟ್‌ಗೆ ಅಂಥ ವಿದಾಯ ಸಿಕ್ಕಿದ್ದು ನನಗೆ ಇವತ್ತಿಗೂ ಸಂತೋಷ. ಸ್ಕೈರಿಮ್‌ನಲ್ಲಿ ಮೊದಲ ಸಲಕ್ಕೆ ಸ್ಪೆಷಲ್ ಎಡಿಷನ್ ಸಾಕು. ಆನಿವರ್ಸರಿ ಎಡಿಷನ್‌ನಲ್ಲಿ ಸೇರಿಸಿರುವ ಕ್ವೆಸ್ಟ್‌ಗಳು ಶುರುವಿನಲ್ಲೇ ಮೇಲಿಂದ ಮೇಲೆ ಬಂದು ಬೀಳುತ್ತವೆ, ಹೊಸಬರಿಗೆ ಗೊಂದಲ. ಆಟಗಾರರೇ ಮಾಡಿ ಹಂಚುವ ಮಾರ್ಪಾಡುಗಳನ್ನೂ, ಅಂದರೆ ಮಾಡ್‌ಗಳನ್ನೂ, ಆಮೇಲೆ ಹಾಕಿಕೊಳ್ಳಿ. ಎಲ್ಡೆನ್ ರಿಂಗ್‌ನ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ವಿಸ್ತರಣೆಯನ್ನು ಮೊದಲೇ ಕೊಳ್ಳುವ ಅವಸರವಿಲ್ಲ. ರಡಾನ್ ಮತ್ತು ಮೋಗ್ ಅನ್ನುವ ಬಾಸ್‌ಗಳಿಬ್ಬರನ್ನೂ ಸೋಲಿಸದೆ ಅದರೊಳಗೆ ಹೋಗಲು ಆಗುವುದಿಲ್ಲ, ಅಲ್ಲಿಗೆ ತಲುಪುವಷ್ಟರಲ್ಲಿ ನಿಮಗೆ ಬೇಕೋ ಬೇಡವೋ ಗೊತ್ತಾಗಿರುತ್ತದೆ.

ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಸಿಗುತ್ತದೆ. ಈ ಆಟಗಳಿಗೆ ಆ 2 ಗಂಟೆ ಸಾಲುವುದಿಲ್ಲ. ಮಷೀನ್‌ನಲ್ಲಿ ಸರಿಯಾಗಿ ಓಡುತ್ತದೋ ಇಲ್ಲವೋ ಅಂತ ನೋಡಲು ಅದನ್ನು ಬಳಸಿ, ಆಟ ಇಷ್ಟವೋ ಇಲ್ಲವೋ ಅಂತ ತೀರ್ಮಾನಿಸಲು ಅಲ್ಲ. ತೀರ್ಮಾನಕ್ಕೆ ನಾನು ಗುರುತು ಹಾಕಿಕೊಂಡ ಜಾಗಗಳು ಇವು: ಸ್ಕೈರಿಮ್‌ನಲ್ಲಿ ಬ್ಲೀಕ್ ಫಾಲ್ಸ್ ಬ್ಯಾರೋ ಸಮಾಧಿ ಮುಗಿದು ಬೆಟ್ಟದ ಹಿಂದಿನಿಂದ ಹೊರಗೆ ಬಂದಾಗ, ವಿಚರ್‌ನಲ್ಲಿ ಬ್ಯಾರನ್‌ನ ಕಥೆ ಮುಗಿದಾಗ, ಎಲ್ಡೆನ್ ರಿಂಗ್‌ನಲ್ಲಿ ಸ್ಟಾರ್ಮ್‌ವೇಲ್ ಕೋಟೆಯೊಳಗೆ ಒಂದು ಸಂಜೆ ಅಲೆದಾಡಿದ ಮೇಲೆ. ಅಲ್ಲಿಗೂ ಮನಸ್ಸು ಹತ್ತದಿದ್ದರೆ ಬಲವಂತ ಬೇಡ, ಬೇರೆಯದನ್ನು ಹಿಡಿಯಿರಿ.

ಈ ಮೂರರ ಆಚೆಗೂ ಇವೆ. ಸ್ಕೈರಿಮ್ ಥರದ್ದೇ ಬೇಕು, ಆದರೆ ಇನ್ನಷ್ಟು ಒಳ್ಳೆಯ ಕ್ವೆಸ್ಟ್‌ಗಳಿರಬೇಕು ಅಂದರೆ 2025ರಲ್ಲಿ ಬಂದ ಒಬ್ಲಿವಿಯನ್ ರೀಮಾಸ್ಟರ್ಡ್ ನೋಡಿ. ನಿಂಟೆಂಡೊ ಇರುವವರಿಗೆ ಬ್ರೆತ್ ಆಫ್ ದಿ ವೈಲ್ಡ್, ಎಲ್ಲಿ ಬೇಕಾದರೂ ಹತ್ತಿ ಎಲ್ಲಿಂದ ಬೇಕಾದರೂ ಹಾರುವ ಖುಷಿ ಅದರಲ್ಲಿದ್ದಷ್ಟು ಇನ್ನೆಲ್ಲೂ ಇಲ್ಲ. ಆದರೆ ಪಾತ್ರ ಬೆಳೆಸುವುದು ಕಮ್ಮಿ. ದೂರದ ಪ್ರಯಾಣವೇ ಸಾಹಸ ಅನಿಸಬೇಕು, ಫಾಸ್ಟ್ ಟ್ರಾವೆಲ್ ದುಬಾರಿಯಾಗಿರಬೇಕು ಅಂದರೆ ಕ್ಯಾಪ್‌ಕಾಮ್‌ನ ಡ್ರಾಗನ್ಸ್ ಡಾಗ್ಮಾ 2. ಬಾಲ್ಡರ್ಸ್ ಗೇಟ್ 3 ಕೂಡ ಜನ ಈ ಪಟ್ಟಿಗೆ ಸೇರಿಸುತ್ತಾರೆ. ಅದು ಶ್ರೇಷ್ಠ ಆಟ, ಆದರೆ ಸರದಿಯ ಪ್ರಕಾರ ಹೋರಾಡುವಂಥದ್ದು, ಓಪನ್ ವರ್ಲ್ಡ್ ಅಲ್ಲ.

ಮೂರನ್ನೂ ಆಡಲೇಬೇಕು ಅನ್ನುವವರಿಗೆ ನಾನು ಹೇಳುವ ಕ್ರಮ: ಮೊದಲು ಸ್ಕೈರಿಮ್, ಆಮೇಲೆ ವಿಚರ್, ಕೊನೆಗೆ ಎಲ್ಡೆನ್ ರಿಂಗ್. ಎಲ್ಡೆನ್ ರಿಂಗ್‌ನ ಹೋರಾಟಕ್ಕೆ ಕೈ ಒಗ್ಗಿದ ಮೇಲೆ ಸ್ಕೈರಿಮ್‌ನ ಕತ್ತಿ ಇನ್ನೂ ಸಪ್ಪೆ ಅನಿಸುತ್ತದೆ, ವಿಚರ್‌ನ ಪಾತ್ರಗಳ ಮಾತು ಕೇಳಿದ ಮೇಲೆ ಸ್ಕೈರಿಮ್‌ನವರ ಮಾತು ಮರದ ಗೊಂಬೆಗಳ ಮಾತಿನ ಹಾಗಿರುತ್ತದೆ. ಹಾಗಾಗಿ ಸ್ಕೈರಿಮ್ ಮೊದಲೇ ಬರಲಿ. ಒಂದು ಮುಗಿದ ಕೂಡಲೇ ಇನ್ನೊಂದನ್ನು ಶುರು ಮಾಡಬೇಡಿ, ನಡುವೆ ಚಿಕ್ಕ ಆಟ ಯಾವುದಾದರೂ ಆಡಿ. ಒಂದೇ ಆಟಕ್ಕೆ ಸಮಯ ಇರುವುದು, ಯಾವ ಥರದವನು ನಾನು ಅಂತಲೂ ಗೊತ್ತಿಲ್ಲ ಅನ್ನುವವರು ವಿಚರ್ 3 ತಗೊಂಡು, ಸ್ಟೋರಿ ಆ್ಯಂಡ್ ಸ್ವೋರ್ಡ್ ಅನ್ನುವ ಎರಡನೇ ಕಷ್ಟದ ಹಂತದಲ್ಲಿ ಆಡಿ. ಹೋರಾಟ ಕೈ ಕಟ್ಟುವುದಿಲ್ಲ, ತೀರಾ ಸಪ್ಪೆಯೂ ಆಗುವುದಿಲ್ಲ.